ಬೆರಳಿಗೆ ಸಿಕ್ಕ ಸತು

ಸ್ಟೆಲಿಯೋಸನಿಗೆ ಹಸಿರೂ ಹಳದಿಯೂ ಒಂದೇ.
ಹುಟ್ಟಿನಿಂದ ಹಾಗೆ. ಲಾಕ್ಸ್‌ಟನ್ನಿನಲ್ಲಿ ನಲವತ್ತು ವರ್ಷ
ಯಾರಿಗೂ ಹೇಳಿರಲಿಲ್ಲ. ಕಿತ್ತಳೆ ಬೆಳೆಯುವವನಿಗೆ
ಬಣ್ಣ ತಿಳಿಯದು ಅಂದರೆ ಊರು ನಗುವುದಿಲ್ಲವೇ?

ಎಲೆ ಆಯ್ದು ಲ್ಯಾಬಿಗೆ ಕಳಿಸುವ ಕೆಲಸ ನನ್ನದು,
ಕಾಗದದ ಚೀಲ, ಪೆನ್ಸಿಲು, ಸಾಲಿನ ನಂಬರು.
ಮಾರ್ಚಿನ ಮೊದಲ ದಿನವೇ ಗೊತ್ತಾಯಿತು:
ಅವನು ಕೊಂಬೆಯ ತುದಿಯನ್ನು ನೋಡುತ್ತಿರಲಿಲ್ಲ,
ಬಳೆಗಾರ ಕೈ ಹಿಚುಕಿ ಅಳತೆ ಹಿಡಿಯುವಂತೆ
ಹೆಬ್ಬೆರಳಲ್ಲಿ ಒತ್ತುತ್ತಿದ್ದ.
"ಇದು ಸತು. ಎಲೆ ಕಿರಿದು, ಮೊನಚು,
ಗೆಣ್ಣಿಗೆ ಗೆಣ್ಣು ತಾಗಿದೆ,
ಒಂದೇ ಬೆಂಚಿನಲ್ಲಿ ಆರು ಮಕ್ಕಳು ಕೂತ ಹಾಗೆ."
ಲ್ಯಾಬಿನ ಚೀಟಿ ಮೂರು ವಾರ ತಡವಾಗಿ ಅದನ್ನೇ ಹೇಳಿತು.

ಮಣ್ಣಿನಲ್ಲಿ ಸತು ಇಲ್ಲವೆಂದಲ್ಲ.
ಕೆಂಪು ಮರಳಿನಡಿ ಒಂದು ಮೊಳಕ್ಕೇ ಸುಣ್ಣದ ಕಲ್ಲು,
ದೇವರು ಕೊಟ್ಟರೂ ಕೊಡದ ಪೂಜಾರಿ.
ಬೇರು ಕೈಚಾಚಿ ನಿಂತೇ ಇರುತ್ತದೆ.
ಪೂಜಾರಿಯ ಕಣ್ಣು ತಪ್ಪಿಸಿ
ನಾವು ಎಲೆಗೇ ಉಣಿಸುತ್ತೇವೆ.

ಆದರೆ ಮ್ಯಾಂಗನೀಸು ಬೆರಳಿಗೆ ಸಿಗದು.
ಅದರ ಕೊರತೆಯಲ್ಲಿ ಎಲೆಯ ಉದ್ದಗಲ ಎಲ್ಲ ಸರಿ,
ನರದ ನಡುವೆ ಮಾತ್ರ ಹಸಿರು ಮಾಸಿರುತ್ತದೆ,
ಒಗೆದೊಗೆದು ತಿಳಿಯಾದ ಸೀರೆ.
ಹದಿನಾರನೆಯ ಸಾಲಿನಲ್ಲಿ ನಿಂತು ಕೇಳಿದ,
ನದಿಯ ಕಡೆ ನೋಡುತ್ತಾ: "ಇಲ್ಲಿ ಹೇಗಿದೆ?"
ಆ ಪ್ರಶ್ನೆಗೂ ನಲವತ್ತು ವರ್ಷ ಆಗಿತ್ತು.
ಹೇಳಿದೆ. ಅವನ ಬೆರಳು ಹಿಡಿದು
ನರ ಎಲ್ಲಿ, ಮಾಸಿದ್ದು ಎಲ್ಲಿ, ತೋರಿಸಿದೆ.
"ಏನೂ ತಿಳಿಯುತ್ತಿಲ್ಲ," ಅಂದ. ನಕ್ಕ.

ಸೆಪ್ಟೆಂಬರು. ಬೆಳಗಿನ ನಾಲ್ಕೂವರೆ.
ಗಾಳಿ ಏಳುವ ಮೊದಲು, ಜೇನು ಏಳುವ ಮೊದಲು
ಟ್ರ್ಯಾಕ್ಟರು ಎದ್ದಿತು.
ಚಿಗುರು ಅರ್ಧಕ್ಕಿಂತ ಹೆಚ್ಚು ಬಿಚ್ಚಿಕೊಂಡಿದೆ,
ಇನ್ನೂ ಎಳೆಯದು, ಕುಡಿಯಬಲ್ಲದು.
ಇಡೀ ಟ್ಯಾಂಕಿಗೆ ಪುಡಿ ಸ್ವಲ್ಪವೇ,
ಸಾರಿಗೆ ಇಂಗು ಹಾಕಿದಷ್ಟು. ಹೆಚ್ಚಾದರೆ ಎಲೆ ಸುಡುತ್ತದೆ.
ಮರ್ರೆ ನದಿಯ ಮರಗಳಲ್ಲಿ
ಆಗಲೇ ಕೊರೆಲ್ಲಾ ಹಕ್ಕಿಗಳ ಜಗಳ.

ಒಂದು ಸಂಗತಿ ಇವತ್ತಿಗೂ ನನಗೆ ಒಗ್ಗಿಲ್ಲ:
ಈ ಎಲೆ ಕುಡಿದದ್ದು ಹೆಚ್ಚುಕಡಿಮೆ ಈ ಎಲೆಯಲ್ಲೇ ಉಳಿಯುತ್ತದೆ.
ಮುಂದಿನ ಚಿಗುರು ಮತ್ತೆ ಬರಿಗೈಯಲ್ಲೇ ಹುಟ್ಟಬೇಕು.
ಎಷ್ಟು ಉಣಿಸಿದರೂ ಆಸ್ತಿ ಅನ್ನುವುದಿಲ್ಲ.
ಸ್ಟೆಲಿಯೋಸನಿಗೆ ಇದರಲ್ಲಿ ಬೇಸರವಿಲ್ಲ.
"ಒಳ್ಳೆಯದೇ," ಅಂತಾನೆ ನಳಿಕೆಯ ಬಾಯಿ ಉಜ್ಜುತ್ತಾ,
"ಮಾರ್ಚಿಗೆ ನೀನು ಮತ್ತೆ ಬರಬೇಕಾಗುತ್ತದಲ್ಲ."

ಒಣಗಿದ ಹನಿ ಅವನ ತೋಳಿನ ಮೇಲೆ
ಚುಕ್ಕೆ ಚುಕ್ಕೆ ಬಿಳಿಯಾಗಿ ಕೂತಿದೆ.
ಆ ಬಣ್ಣ ಅವನಿಗೂ ಕಾಣುತ್ತದೆ.