ತಕ್ಕದ್ದು

ಪುಸ್ತಕ ತೆಳ್ಳಗಿದೆ, ತೊಂಬತ್ತು ಪುಟ, ಸುರುಳಿ ತಂತಿಯ ಬೈಂಡು.
ನನ್ನ ಟ್ರಕ್ಕಿನ ಮುಂಗಾಜಿನಡಿ ಬಿಸಿಲಿಗೆ ಬೆಂದು
ಹಳದಿಯಾಗಿದೆ. ಮೂವತ್ತೊಂದನೇ ಪುಟದಲ್ಲಿ ಕಾಫಿಯ ಉಂಗುರ.
ಸಾಲು ಸಾಲೂ ಹೋಗಿ ನಿಲ್ಲುವುದು ಒಂದೇ ಮಾತಿನ ಮುಂದೆ:
ತಕ್ಕದ್ದು.

ಕಿಟಕಿ ಮರದ್ದೇ ಇರತಕ್ಕದ್ದು.
ಬಣ್ಣ ಕಾಣದ ಇಟ್ಟಿಗೆಗೆ ಬಣ್ಣ ಬಳಿಯತಕ್ಕದ್ದಲ್ಲ.
ಮೂವತ್ತೇಳರ ನೆರೆಯಲ್ಲಿ ಒಹಾಯೊ ನದಿ
ಗೋಡೆಯ ಮೇಲೆ ಬಿಟ್ಟುಹೋದ ಕೆಸರಗೆರೆ,
ಅದನ್ನೂ ತೊಳೆಯತಕ್ಕದ್ದಲ್ಲ.
ಗಾರೆ ಇಟ್ಟಿಗೆಗಿಂತ ಮೆತ್ತಗಿರತಕ್ಕದ್ದು;
ಚಳಿಗೆ ಗೋಡೆ ಬಿಗಿದಾಗ ಇಬ್ಬರಲ್ಲೊಬ್ಬರು ಸೋಲಬೇಕು,
ಸೋತದ್ದು ಗಾರೆಯಾದರೆ ಮತ್ತೆ ತುಂಬಬಹುದು.
ಇದನ್ನು ಬರೆದವನಿಗೆ ಮದುವೆಯಾಗಿ
ಬಹಳ ವರ್ಷವಾಗಿರಬೇಕು.

ಮಲ್ಬರಿ ಬೀದಿಯ ಮೂಲೆಮನೆ, ಓಲೀಟಾ ಕ್ರಾಬ್‌ಟ್ರೀ.
ಮೂವತ್ತೆಂಟು ವರ್ಷ ಅಂಚೆ ಹಂಚಿದ ಎರಡು ಕಾಲಲ್ಲಿ
ಒಂದನ್ನು ಸಕ್ಕರೆ ಕಾಯಿಲೆ ತಿಂದಿತು.
ಜಗುಲಿಗೆ ಐದು ಮೆಟ್ಟಿಲು.
ಇಳಿಜಾರು ಬೇಕು, ವರ್ಲನ್, ಎಂದಳು. ಮುಂದುಗಡೆ.
ಬೀದಿಗೆ ಕಾಣದಂತೆ ಹಿತ್ತಿಲಲ್ಲಿ ಕಟ್ಟತಕ್ಕದ್ದು, ಎಂದೆ.
ಹಿತ್ತಿಲಿಂದ ಹೋಗುವುದು ಕಸದ ಡಬ್ಬ, ಎಂದಳು.
ಈ ಬೀದಿಯ ಒಂದೊಂದು ಬಾಗಿಲನ್ನೂ
ನಾನು ಮುಂದಿನಿಂದಲೇ ಬಲ್ಲೆ.

ಗುರುವಾರ ಸಂಜೆ, ಪುರಸಭೆಯ ಮಹಡಿ. ಏಳು ಕುರ್ಚಿ, ಐದು ಮಂದಿ.
ಲಿಫ್ಟಿಲ್ಲ. ಹಳೆಯ ಕಟ್ಟಡ, ಅದಕ್ಕೂ ಅದೇ ಪುಸ್ತಕ.
ನಾನೂ ಅವಳ ಅಳಿಯನೂ ಗಾಲಿಕುರ್ಚಿ ಸಮೇತ
ಹೊತ್ತು ಹತ್ತಿಸಿದೆವು; ಮೆಟ್ಟಿಲು ಎಣಿಸಿದ್ದು ಅವಳೇ.
ಹ್ಯಾವರ್‌ಸ್ಟಾಕ್ ಕನ್ನಡಕ ಹಣೆಗೇರಿಸಿ
ನನ್ನ ನಕ್ಷೆಗೆ ಮೂಗು ತಾಗಿಸಿ ಓದಿದರು:
ಹೊಸದು ಹಳೆಯದಕ್ಕೆ ಒಪ್ಪತಕ್ಕದ್ದು,
ಆದರೆ ತಾನೂ ಹಳೆಯದೆಂದು ಸುಳ್ಳು ಹೇಳತಕ್ಕದ್ದಲ್ಲ.
ಮುಂದೊಂದು ದಿನ ಕಿತ್ತರೆ
ಮನೆಗೆ ಗಾಯ ಉಳಿಯತಕ್ಕದ್ದಲ್ಲ.
ಯಾರೋ ಕಂಬಿಗಳ ನಡುವಿನ ಅಂತರ ಕೇಳಿದರು.
ಯಾರೋ ಬಣ್ಣದ ಚೀಟಿ ಕೇಳಿದರು.
ಓಲೀಟಾ ಕೈಯೆತ್ತಿದಳು:
ಕಿತ್ತರೆ ಗಾಯ ಉಳಿಯಬಾರದು, ಸರಿ.
ನಾನೂ ಹಾಗೇ ಅಂದುಕೊಂಡಿದ್ದೆ,
ಡಾಕ್ಟರು ಬೇರೆ ಹೇಳಿದರು.

ನಾಲ್ಕು ಕೈ ಎದ್ದವು. ಐದನೆಯದು
ಪೆನ್ನು ಹುಡುಕಿ, ಮುಚ್ಚಳ ಹುಡುಕಿ, ಆಮೇಲೆ ಎದ್ದಿತು.

ಒಂದಡಿ ಏರಿಗೆ ಹನ್ನೆರಡಡಿ ಓಟ, ನಡುವೆ ಒಂದು ತಿರುವು.
ಸಿಡಾರ್ ಹಲಗೆ. ಮನೆಗೆ ಒಂದೂ ಮೊಳೆ ತಾಗಿಸಲಿಲ್ಲ,
ತನ್ನ ಕಾಲ ಮೇಲೆ ತಾನೇ ನಿಂತಿತು.
ಬೇಸಿಗೆಯ ಬೆಳಗು ದೋಣಿ ಕೂಗುವ ಹೊತ್ತಿಗೆ
ಅವಳು ಇಳಿದು ಬರುವುದನ್ನು ಬೀದಿಯೆಲ್ಲ ನೋಡುತ್ತಿತ್ತು,
ಮಡಿಲಲ್ಲಿ ಅವರಿವರಿಗೆ ತಪ್ಪಿ ಬಂದ ಕಾಗದಗಳು.

ಎರಡು ಚಳಿಗಾಲ ದಾಟಿದಳು. ಮೂರನೆಯದನ್ನು ದಾಟಲಿಲ್ಲ.

ಅಳಿಯ ಮನೆ ಮಾರಿದ. ಇಳಿಜಾರು ಬಿಚ್ಚಲು
ನನಗೆ ಒಂದು ಬೆಳಗು ಸಾಕಾಯಿತು.
ಪುಸ್ತಕ ಹೇಳಿದಂತೆ ಮನೆ ಮೊದಲಿನ ಹಾಗೇ ಇದೆ.
ಜಗುಲಿಯ ಹಲಗೆಯ ಮೇಲೆ ಮಾತ್ರ,
ಬಾಗಿಲಿಂದ ಅಂಚೆಪೆಟ್ಟಿಗೆಯವರೆಗೆ,
ಎರಡು ಕಪ್ಪು ಗೆರೆ.
ಕೊಂಡವರು ಒಳ್ಳೆಯ ಜನ. ಇದನ್ನು ಉಜ್ಜಿಬಿಡಿ, ಎಂದರು.

ಟ್ರಕ್ಕಿಗೆ ಹೋಗಿ ಪುಟ ತಿರುವಿದೆ:
ಕಾಲಕಾಲಕ್ಕೆ ಆದ ಬದಲಾವಣೆಗೂ
ತನ್ನದೇ ಮಹತ್ವ ಬಂದಿದ್ದರೆ ಉಳಿಸತಕ್ಕದ್ದು.
ಮಹತ್ವ ಬರಲು ಸುಮಾರು ಐವತ್ತು ವರ್ಷ.
ಆಗಿರುವುದು ಎರಡೂವರೆ.

ಉಜ್ಜುವ ಯಂತ್ರ ಕೆಟ್ಟಿದೆ, ಎಂದೆ.
ಕೆಟ್ಟಿರಲಿಲ್ಲ.