ಆರು ನಿಮಿಷದ ನಡಿಗೆ

ಕಾರಿಡಾರಿನ ಈ ತುದಿಗೊಂದು ಕಿತ್ತಳೆ ಬಣ್ಣದ ಕೋನು,
ಆ ತುದಿಗೊಂದು. ನಡುವೆ ಮೂವತ್ತು ಮೀಟರು,
ಮೂರು ಮೀಟರಿಗೊಮ್ಮೆ ನೆಲಕ್ಕೆ ನಾನೇ ಹಚ್ಚಿದ ಹಳದಿ ಪಟ್ಟಿ.
ನಸುಕಿನಲ್ಲಿ ಫಿನಾಯಿಲ್ ಹಾಕಿ ಒರೆಸುವಾಗ
ಯಂಕೋಬಿ ಎರಡು ಕಿತ್ತಿದ್ದ. ಮತ್ತೆ ಹಚ್ಚಿದೆ.

ಧಾರವಾಡದ ಕ್ಲಾಸಿನಲ್ಲಿ ಹಿತ್ತಲಮನಿ ಸರ್ ಬರೆಸಿದ್ದರು,
ಪರೀಕ್ಷೆ ಮಾಡುವವರು ಆಡಬಹುದಾದ ಮಾತು ಇಷ್ಟೇ:
'ಚೆನ್ನಾಗಿ ನಡೆಯುತ್ತಿದ್ದೀರಿ. ಇನ್ನು ಐದು ನಿಮಿಷ ಇದೆ.'
'ಹೀಗೇ ಮುಂದುವರಿಸಿ. ಇನ್ನು ನಾಲ್ಕು ನಿಮಿಷ ಇದೆ.'
ದನಿ ಏರಬಾರದು. ಕೈ ಬೀಸಿ ಹುರಿದುಂಬಿಸಬಾರದು.
ಜೊತೆಗೆ ನಡೆಯಲಂತೂ ಬಾರದು,
ನಡೆದರೆ ಅವರ ಹೆಜ್ಜೆ ನಿಮ್ಮ ಹೆಜ್ಜೆಯಾಗಿ
ಅಂಕಿ ಸುಳ್ಳಾಗುತ್ತದೆ.

ಇವತ್ತು ಬಂದವಳು ದ್ಯಾವಕ್ಕ ಬಾರಕೇರ,
ಐವತ್ತೆಂಟು, ಹಳೇ ಹುಬ್ಬಳ್ಳಿ.
ಕಸುಬು ಅನ್ನುವಲ್ಲಿ 'ರೊಟ್ಟಿ' ಅಂತ ಬರೆದೆ.
ಎಷ್ಟು ಅಂತ ಫಾರ್ಮು ಕೇಳುವುದಿಲ್ಲ, ಆಕೆಯೇ ಹೇಳಿದಳು,
'ದಿನಾ ಇನ್ನೂರು. ಮದವಿ ಸೀಜನ್ನಿಗೆ ಮುನ್ನೂರು.'
ಮೂವತ್ತೊಂದು ವರ್ಷದ ಹೊಗೆ ಎದೆಯೊಳಗೆ ಕೂತು
ಸಣ್ಣಗೆ ಸಿಳ್ಳೆ ಹಾಕುತ್ತಿತ್ತು,
ಸ್ಟೆತಸ್ಕೋಪು ಇಲ್ಲದೆಯೂ ಕೇಳುವಷ್ಟು.

ತೋರುಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ.
ಹಂಚಿಗೆ ತಾಗಿ ತಾಗಿ ದಪ್ಪಗಟ್ಟಿದ ತುದಿಯಲ್ಲಿ
ಯಂತ್ರಕ್ಕೆ ನಾಡಿ ಸಿಗಲೊಲ್ಲದು.
'ಇದಕ್ಕೂ ನನ್ನ ಬಳ್ಳು ಒಗ್ಗಂಗಿಲ್ಲೇನ?'
ಎಡಗೈ ಕಿರುಬೆರಳಿಗೆ ಹಾಕಿದೆ. ತೊಂಬತ್ಮೂರು.

ಸ್ಟಾಪ್‌ವಾಚ್ ಒತ್ತಿದೆ.

ಮೊದಲ ಸುತ್ತು, ಬಾಗಿಲಲ್ಲಿ ಗಿರಾಕಿ ಕಾಯುತ್ತಿದ್ದಾರೆ ಅನ್ನುವಂತೆ.
ಎರಡನೆಯದಕ್ಕೆ ಸೆರಗು ಸೊಂಟಕ್ಕೆ.
'ತಂಗಿ, ಯಾವೂರಾಕಿ ನೀ?'
'ಚೆನ್ನಾಗಿ ನಡೆಯುತ್ತಿದ್ದೀರಿ. ಇನ್ನು ಐದು ನಿಮಿಷ ಇದೆ.'
'ಲಗ್ನ ಆಗೇತೇನು?'
'ಹೀಗೇ ಮುಂದುವರಿಸಿ. ಇನ್ನು ನಾಲ್ಕು ನಿಮಿಷ ಇದೆ.'
'ಅಯ್ಯ ನಮ್ಮವ್ವ, ಈ ಹುಡುಗಿ ಗಡಿಯಾರ ನುಂಗೇತಿ!'
ಬೆಂಚಿನ ಮೇಲಿದ್ದವರೆಲ್ಲ ನಕ್ಕರು,
ಕೆಮ್ಮುವವರು ಕೆಮ್ಮುತ್ತಲೇ ನಕ್ಕರು.
ನಾನು ನಗಲಿಲ್ಲ. ಪಟ್ಟಿಯಲ್ಲಿ ನಗು ಇರಲಿಲ್ಲ.

ನಾಲ್ಕನೆಯ ನಿಮಿಷಕ್ಕೆ ಮಾತು ನಿಂತಿತು.
ಆಮೇಲೆ ಕಾಲು.
ಹಂಚು ಕಾದಿದೆಯೋ ಇಲ್ಲವೋ ನೋಡುವವಳ ಹಾಗೆ
ಗೋಡೆಗೆ ಅಂಗೈ ಇಟ್ಟು ನಿಂತಳು.
ಎಂಬತ್ತೇಳು. ಎಂಬತ್ತಾರು.

ನಡೆಯುವವರು ನಿಂತರೂ ಗಡಿಯಾರ ನಿಲ್ಲಿಸಕೂಡದು,
ನಿಂತದ್ದೂ ನಡಿಗೆಯ ಲೆಕ್ಕಕ್ಕೇ.
'ಸಾಕು ಕೂಡ್ರಬೇ' ಅನ್ನುವುದು ನಾಲಿಗೆಗೆ ಬಂದು
ಹಲ್ಲಿನ ಹಿಂದೆ ನಿಂತಿತು.
ಅಂದದ್ದು: 'ಆಯಾಸವಾದರೆ ನಿಲ್ಲಬಹುದು.
ಸಾಧ್ಯವಾದಾಗ ಮತ್ತೆ ನಡೆಯಿರಿ.'
ಇಸ್ತ್ರಿ ಮಾಡಿದ ಪುಸ್ತಕದ ಕನ್ನಡ.
ನಾಲ್ಕು ಸಲ ಬಾಯಿಪಾಠ ಮಾಡಿದ್ದೆ,
ಅರ್ಥವಾದದ್ದು ಈಗ.

ಇಪ್ಪತ್ತಾರು ಸೆಕೆಂಡು.
ಗೋಡೆಯಿಂದ ಕೈ ತೆಗೆದಳು. ನಡೆದಳು.

ಮುಗಿದಾಗ ನಿಂತಲ್ಲಿಗೇ ಕುರ್ಚಿ ಒಯ್ದೆ.
ಕೊನೆಯ ತುಂಡು ಹಾದಿಯನ್ನು ಮೊಣಕಾಲೂರಿ ಟೇಪಿನಿಂದ ಅಳೆದೆ,
ಹದಿನಾಲ್ಕು.
'ಎಷ್ಟಾತು?'
'ಇನ್ನೂರಾ ಎಂಬತ್ನಾಲ್ಕು ಮೀಟರ್.'
'ಅಂದ್ರ?'

ಅಂದರೆ.
ವಯಸ್ಸು, ಎತ್ತರ, ತೂಕ ಹಾಕಿದರೆ ಸೂತ್ರವೊಂದು
ನೀನು ಎಷ್ಟು ನಡೆಯಬೇಕಿತ್ತು ಅಂತ ಹೇಳುತ್ತದೆ.
ಅದನ್ನು ಹೇಳಲಿಲ್ಲ.
'ದುರ್ಗದಬೈಲಿನ ಗಿರ್ಮಿಟ್ ಗಾಡಿಯಿಂದ ಹೊರಟರೆ
ಬ್ರಾಡ್‌ವೇದ ಬಾಯಿತನಕ ಅಂತ ಹಿಡೀರಿ.'

ಕಣ್ಣು ಮುಚ್ಚಿ ಬುಟ್ಟಿ ಹೊತ್ತು ನಡೆದು ನೋಡಿದಳು.
'ಹಂಗಾರ ಅಂಗಡೀ ಮಂದೀಗೆ ಕೊಟ್ಟ ಬರಾಕ
ಇನ್ನೂ ಅಷ್ಟ ಹಾದಿ ಐತಿ. ನಡಬರ್ಕ
ಗಿರಣಿ ಕಟ್ಟಿ ಮ್ಯಾಲ ಒಂದ್ ಘಳಿಗಿ ಕುಂದ್ರತೇನಿ.
ಅಲ್ಲಿ ನೆಳ್ಳೂ ಐತಿ.'

ವ್ಯಾಯಾಮದ ಸಲಹೆ ಅನ್ನುವ ಚೌಕ ಖಾಲಿಯಿತ್ತು.
ಆಕೆ ಹೇಳಿದ್ದನ್ನೇ ತುಂಬಿದೆ:
ಹೋಗುವಾಗ ಒಂದು ಕಟ್ಟೆ, ಬರುವಾಗ ಒಂದು.

ಗಡಿಯಾರ ನಿಂತಿತ್ತು.
ಗೇಟಿನವರೆಗೂ ಆಕೆಯ ಪಕ್ಕದಲ್ಲೇ ನಡೆದೆ,
'ಅಣ್ಣಿಗೇರಿಯಾಕಿ ರೀ,' ಅಂದೆ. 'ಲಗ್ನ ಆಗಿಲ್ಲ.'

ಸೋಮವಾರ ಫಾರ್ಮು ವಾಪಸ್ ಬಂತು.
ಕಟ್ಟೆಗೆ ಕೆಂಪು ಪೆನ್ನಿನ ಸುತ್ತು ಹಾಕಿ
ಹಿತ್ತಲಮನಿ ಸರ್ ಪಕ್ಕದಲ್ಲಿ ಬರೆದಿದ್ದರು:
ಯೂನಿಟ್ ಯಾವುದು?