ಬಾಗಿಲ ಹಿಂದಿನ ಮೊಳೆಗಳು

ಹದಿನೆಂಟು ಪ್ಲಾಸ್ಟಿಕ್ ಡಬ್ಬಿ ಕೊಂಡು ತಂದಿದ್ದೆ,
ಮುಚ್ಚಳಕ್ಕೆ ಅಂಟಿಸಲು ಚೀಟಿ, ಒಂದು ಕಪ್ಪು ಪೆನ್ನು.
ಥರ್ಜಾ ನೋಡಿದಳು, ಕೆಟಲ್ ಒಲೆಗಿಟ್ಟಳು,
‘ಇಷ್ಟೊಂದು ಶವಪೆಟ್ಟಿಗೆ ಯಾರಿಗೆ?’ ಅಂದಳು.

ನನ್ನ ಗಂಡನ ತಾಯಿ. ಎಂಬತ್ತೆರಡು.
ವೇರ್ ನದಿಯ ಕಣಿವೆಯಲ್ಲಿ ಗಣಿಗಳೆಲ್ಲ ಬಾಯಿ ಮುಚ್ಚಿದ ಮೇಲೂ
ಗಣಿಯ ಹೊತ್ತಿಗೇ ಏಳುವವಳು.
ಕೌದಿ ಬಿಗಿಯುವ ಚೌಕಟ್ಟು ಮಂಚದಡಿ ಸೇರಿದೆ;
ಸೂಜಿಯ ಕಣ್ಣು ಅವಳ ಗುರುತು ಹಿಡಿಯುವುದ ಬಿಟ್ಟು
ಎರಡು ಚಳಿಗಾಲ.

ಉಗ್ರಾಣದ ಬಾಗಿಲ ಹಿಂದೆ ಮೊಳೆಗಳ ಸಾಲು,
ಮೊಳೆಗೊಂದು ಅಚ್ಚು:
ಬಿಸ್ಕತ್ತಿನ ತಗಡು ಕತ್ತರಿಸಿದ ಗುಲಾಬಿ,
ಕಾರ್ನ್‌ಫ್ಲೇಕ್ಸ್ ರಟ್ಟಿನ ಗರಿ,
ಹಗ್ಗದ ಹೆಣಿಗೆ, ಬೀಸಣಿಗೆ, ಕಪ್ಪೆಚಿಪ್ಪು,
ಮತ್ತೆ ಕಿವಿಗೆ ದಾರ ಕಟ್ಟಿದ ಒಂದು ಟೀ ಕಪ್ಪು.
ಅದೂ ಅಚ್ಚೇ. ಅದರಲ್ಲಿ ಯಾರೂ ಟೀ ಕುಡಿಯುವಂತಿಲ್ಲ.

ಹೂವಿಗೊಂದು ಡಬ್ಬಿ, ಗರಿಗೊಂದು, ಅಂಚಿಗೊಂದು
ಎಂದು ನಾನು ಹಂಚತೊಡಗಿದೆ.
‘ಬೇಡ. ಆ ಗುಲಾಬಿ ಎಟ್ಟಿ ಕೊಟ್ಟದ್ದು.
ಈ ಗುಲಾಬಿ ಎಟ್ಟಿಗೆ ತಿಳಿಯದಂತೆ ನಾನು ಎತ್ತಿಕೊಂಡದ್ದು.
ಎರಡನ್ನೂ ಒಟ್ಟಿಗಿಟ್ಟರೆ ರಾತ್ರಿಯೆಲ್ಲ ಜಗಳ.’

ಗುಂಡಿಗಳನ್ನು ನಾನು ಬಣ್ಣದಂತೆ ಬೇರೆ ಮಾಡಿದೆ,
ಅವಳು ಕೋಟಿನಂತೆ ಮತ್ತೆ ಕೂಡಿಸಿದಳು,
ಮೈ ಇಲ್ಲದ ಏಳು ಕೋಟು ಮೇಜಿನ ಮೇಲೆ ಕೂತವು.
ತಂಬಾಕಿನ ಡಬ್ಬದಲ್ಲಿ ದಾರ. ಬಿಳಿಯಲ್ಲೇ ಐದು:
ಹಾಲು, ಕೆನೆ, ಮೂಳೆ, ಸುಣ್ಣ, ಮದುವೆ.
ಸೂಜಿಗಳು ಮಾತ್ರ ಕುರಿಯ ಹಸಿ ಉಣ್ಣೆಯ ಉಂಡೆಯಲ್ಲಿ,
ಜಿಡ್ಡಿದ್ದಲ್ಲಿ ತುಕ್ಕು ಸುಳಿಯದು.

ಕಡೆಯ ಮೊಳೆ. ಉದ್ದನೆಯ ಎಲೆ, ನಡುವೆ ತುಸು ಸೊಂಟ,
ಕರಿ ಫೆಲ್ಟಿನದು. ‘ಎಲೆಗಳು’ ಎಂದು ಬರೆದು ಡಬ್ಬಿಗೆ ಹಾಕಿದೆ.

‘ಎಲೆಯಲ್ಲ ಕಣೇ. ವಿಲ್ಫನ ಅಂಗಾಲು.’

ಬೂಟಿಗೆ ನೀರು ನುಗ್ಗುತ್ತಿದ್ದ ವರ್ಷ
ಹಳೆಯ ಹ್ಯಾಟು ಕತ್ತರಿಸಿ ಒಳಪದರ ಮಾಡಿದಳಂತೆ.
ಎಡಗಾಲಿನದು ಸರಿಹೋಗಿ ಗಣಿಗಿಳಿಯಿತು,
ಬಲಗಾಲಿನದು ಬಿಗಿಯಾಗಿ ಮೊಳೆಗೆ ಬಂತು.
ಸಹವಾಸ ದೋಷ! ಅಚ್ಚುಗಳ ನಡುವೆ ತೂಗಿ ತೂಗಿ
ಅದೂ ಅಚ್ಚಾಯಿತು.
ಒಂದು ಸಂಜೆ ಅಂಚಿಗೆ ಯಾವುದೂ ಒಗ್ಗದೆ
ಇದನ್ನೇ ಇಟ್ಟು ನೀಲಿ ಪೆನ್ಸಿಲು ಸುತ್ತಿಸಿದಳು.

ಚರ್ಚಿನ ಹಾಲಿನಲ್ಲಿ ಎರಡನೇ ಬಹುಮಾನ.
ತೀರ್ಪುಗಾರ್ತಿ ಕನ್ನಡಕ ಒರೆಸಿಕೊಂಡು ಬರೆದಳು:
‘ವಿಲೋ ಎಲೆಯ ಬಳ್ಳಿ, ಅಪರೂಪದ ಲಾಲಿತ್ಯ.’
ಮನೆಯ ತನಕ ವಿಲ್ಫ್
ಲಾಲಿತ್ಯದಿಂದ ನಡೆದು ತೋರಿಸಿದನಂತೆ,
ಗಣಿಯ ಬೂಟಿನಲ್ಲಿ, ಕೆಸರಿನಲ್ಲಿ.

ಆ ಕೌದಿ ಒಂಬತ್ತು ವರ್ಷ ನಮ್ಮ ಹಾಸಿಗೆಯ ಮೇಲಿದೆ.
ಸುತ್ತಲೂ ಮೂವತ್ತಾರು ಹೆಜ್ಜೆ, ಎಲ್ಲವೂ ಬಲಗಾಲು.
ನಾನು ಕಂಡೇ ಇರದ ಮಾವ
ಒಂಟಿಕಾಲಲ್ಲಿ ಕುಪ್ಪಳಿಸಿ ರಾತ್ರಿಯಿಡೀ ಕಾವಲು ತಿರುಗಿದ್ದಾನೆ,
ನಾನು ಬೆಳಗ್ಗೆ ಎದ್ದು
ಎಲೆ ಎಂದುಕೊಂಡು ಮಡಚಿಟ್ಟಿದ್ದೇನೆ.

‘ಎಲೆಗಳು’ ಹೊಡೆದುಹಾಕಿದೆ. ಪೆನ್ನು ಹಿಡಿದು ಕೂತೆ.
ಹೂವಲ್ಲ, ಗರಿಯಲ್ಲ. ಬಟ್ಟೆಬರೆಯೇ? ಸಂಬಂಧಿಕರೇ?
ಥರ್ಜಾ ನನ್ನ ಕೈಯಿಂದ ಅದನ್ನು ತೆಗೆದು
ಮತ್ತೆ ಮೊಳೆಗೇ ಹಾಕಿದಳು.
ಹದಿನೆಂಟರಲ್ಲಿ ಹನ್ನೊಂದು ಡಬ್ಬಿ ಖಾಲಿ ಉಳಿದವು,
‘ಕೇಕಿಗಾಯಿತು,’ ಅಂದಳು.

ಕೊನೆಗೆ ಸೂಜಿ ಎಣಿಸಿದಳು, ಬೆರಳ ತುದಿಯಲ್ಲಿ.
ಹನ್ನೊಂದು. ಇನ್ನೊಮ್ಮೆ. ಹನ್ನೊಂದೇ.
‘ಒಂದು ನೆಲದಲ್ಲಿದೆ. ಅಲುಗಬೇಡ.’
ಕಲ್ಲಿನ ನೆಲದ ಮೇಲೆ
ಕಾಲುಚೀಲದ ಎರಡು ಜೋಡಿ ಪಾದ
ಯಾರಾದರೂ ಬಂದು ಸುತ್ತ ಗೆರೆ ಎಳೆಯಲಿ ಎಂಬಂತೆ
ನಿಂತೇ ಇದ್ದವು.
ಎರಡನೇ ಸಲ ಇಟ್ಟ ಕೆಟಲ್
ಆಚೆ ಕೂಗುತ್ತಿತ್ತು.